ಎಲೆ ಐವತ್ತೆರಡು, ನ್ಯಾಯ ಹಲವು: ಪೋಕರ್ ಕೌಶಲವೋ, ಜೂಜೋ?

ಮಂಗಳೂರು: ಗುಡ್ಡದ ಮರೆಯಲ್ಲೋ, ಪಾಳುಬಿದ್ದ ಕಟ್ಟಡದ ಹಿಂಬದಿಯಲ್ಲೋ, ಕೋಳಿ ಅಂಕ ನಡೆದ ಗದ್ದೆಯ ಅಂಚಿನಲ್ಲೋ ಪೊಲೀಸರು ದಾಳಿ ನಡೆಸುತ್ತಾರೆ. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟು, ಚದುರಿದ ಇಸ್ಪೀಟೆಲೆಗಳು, ಒಂದಿಷ್ಟು ನಗದು ಜಪ್ತಿಯಾಗುತ್ತವೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಉಲಾಯಿ-ಪಿದಾಯಿ ಜುಗಾರಿ’ ಎಂಬ ತಲೆಬರಹದಡಿ ನಾಲ್ಕು ಸಾಲಿನ ಸುದ್ದಿ ಪ್ರಕಟವಾಗುತ್ತದೆ. ದಕ್ಷಿಣ ಕನ್ನಡದ ಓದುಗರಿಗೆ ಇದು ಎಷ್ಟು ಪರಿಚಿತವೆಂದರೆ, ಹೆಸರು ಮತ್ತು ಊರನ್ನು ಬಿಟ್ಟು ಉಳಿದುದನ್ನು ಅವರೇ ಬರೆದುಕೊಡಬಲ್ಲರು.

ಅದೇ ಐವತ್ತೆರಡು ಎಲೆಗಳ ಕಟ್ಟನ್ನು ಹವಾನಿಯಂತ್ರಿತ ಕೊಠಡಿಯ ಹಸಿರು ಮೇಜಿನ ಮೇಲೆ ಇಟ್ಟು, ಆಟದ ಹೆಸರನ್ನು ಪೋಕರ್ ಎಂದು ಬದಲಿಸಿದರೆ ಕಾನೂನಿನ ದೃಷ್ಟಿಯೇ ಬೇರೆಯಾಗುತ್ತದೆ. ಕೌಶಲದ ಆಟವಾಗಿ ಆಡುವುದಾದರೆ ಪೋಕರ್‌ಗೆ ಪರವಾನಗಿಯ ಪ್ರಶ್ನೆಯೇ ಉದ್ಭವಿಸದು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿಯೇ ಹೇಳಿದೆ. ಇದೇ ಆಟವನ್ನು ಮೊಬೈಲ್ ಪರದೆಯ ಮೇಲೆ ಹಣವಿಟ್ಟು ಆಡಿಸುವುದು ಅಪರಾಧವೆಂದು ಸಂಸತ್ತು 2025ರಲ್ಲಿ ಕಾಯ್ದೆ ಮಾಡಿದೆ. ಎಲೆ ಒಂದೇ, ಆಡುವವನೂ ಒಬ್ಬನೇ. ನ್ಯಾಯ ಮಾತ್ರ ಮೂರು ಬಗೆ. ಈ ಗೊಂದಲದ ಮೂಲ ಎಲ್ಲಿದೆ ಎಂಬುದನ್ನು ಅರಿಯಬೇಕಾದರೆ ಮೊದಲು ಆಟಗಳನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಒಳಗೋ, ಹೊರಗೋ?

ತುಳುವಿನಲ್ಲಿ ಉಲಾಯಿ ಎಂದರೆ ಒಳಗೆ, ಪಿದಾಯಿ ಎಂದರೆ ಹೊರಗೆ. ಘಟ್ಟದ ಮೇಲೆ ಇದನ್ನೇ ಅಂದರ್-ಬಾಹರ್ ಎನ್ನುತ್ತಾರೆ. ಆಟ ಅತ್ಯಂತ ಸರಳ. ಕಟ್ಟಿನಿಂದ ಒಂದು ಎಲೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಇಡಲಾಗುತ್ತದೆ. ಅನಂತರ ಒಳಗೆ ಒಂದು, ಹೊರಗೆ ಒಂದು ಎಂಬಂತೆ ಎರಡು ಕಡೆಗೆ ಎಲೆಗಳು ಬೀಳುತ್ತಾ ಹೋಗುತ್ತವೆ. ಮೊದಲು ತೋರಿಸಿದ ಎಲೆಯ ಅಂಕಿ ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆಗೆ ಪಣವಿಟ್ಟವರು ಗೆದ್ದಂತೆ. ಪಣವಿಟ್ಟ ಬಳಿಕ ಆಟಗಾರನಿಗೆ ಮಾಡಲು ಯಾವ ಕೆಲಸವೂ ಇಲ್ಲ. ಎಲೆ ಹಂಚಲು ಆರಂಭಿಸುವ ಕಡೆಗೆ ಗೆಲ್ಲುವ ಸಂಭವ ಶೇ. 51.5ರಷ್ಟು, ಮತ್ತೊಂದು ಕಡೆಗೆ ಶೇ. 48.5ರಷ್ಟು. ಆಟದಲ್ಲಿರುವ ಗಣಿತವೆಲ್ಲ ಇಷ್ಟೇ. ಇದನ್ನು ಕೌಶಲವೆಂದು ವಾದಿಸಲು ಯಾವ ವಕೀಲರಿಗೂ ಅವಕಾಶವಿಲ್ಲ.

ಎರಡನೆಯದು ಮೂರೆಲೆ, ಅಂದರೆ ತೀನ್ ಪತ್ತಿ. ಇಂಗ್ಲೆಂಡಿನ ಬ್ರ್ಯಾಗ್ ಎಂಬ ಆಟದ ಬಂಧು ಇದು. ಪ್ರತಿಯೊಬ್ಬನಿಗೂ ಮೂರು ಎಲೆ. ಎಲೆ ನೋಡದೆ ‘ಬ್ಲೈಂಡ್’ ಆಡಬಹುದು, ನೋಡಿ ಆಡುವುದಾದರೆ ಇಮ್ಮಡಿ ಪಣ ತೆರಬೇಕು. ಮೂರೂ ಎಲೆ ಒಂದೇ ಅಂಕಿಯವಾದರೆ ಅತ್ಯುಚ್ಚ. ಅನಂತರ ಒಂದೇ ಬಣ್ಣದ ಸಾಲು, ಬಿಡಿ ಸಾಲು, ಬಣ್ಣ, ಜೋಡಿ ಎಂಬ ಕ್ರಮ. ಮೂರು ಎಲೆಗಳ ಒಟ್ಟು 22,100 ಜೋಡಣೆಗಳಲ್ಲಿ 16,440 ಜೋಡಣೆಗಳಿಗೆ ಯಾವ ಬೆಲೆಯೂ ಇಲ್ಲ; ಒಂಟಿ ದೊಡ್ಡ ಎಲೆಯನ್ನೇ ನೆಚ್ಚಿಕೊಳ್ಳಬೇಕು. ಎದುರಾಳಿಯನ್ನು ಹೆದರಿಸಿ ಎಲೆ ಬಿಸುಡುವಂತೆ ಮಾಡುವ ಚಾತುರ್ಯಕ್ಕೆ ಇಲ್ಲಿ ಸ್ಥಳವಿದೆಯಾದರೂ, ಹಂಚಿದ ಎಲೆ ಕೊನೆಯವರೆಗೂ ಬದಲಾಗದು, ಹೊಸ ಎಲೆಯೊಂದೂ ಬಯಲಿಗೆ ಬಾರದು. ಲೆಕ್ಕ ಹಾಕಲು ಆಧಾರವೇ ಇಲ್ಲದ ಆಟವಿದು.

ಮೂರನೆಯದು ರಮ್ಮಿ. ಹದಿಮೂರು ಎಲೆಗಳನ್ನು ಸಾಲು ಮತ್ತು ಗುಂಪುಗಳಾಗಿ ಜೋಡಿಸಬೇಕು. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಸುಟರು ಎಂಬುದನ್ನು ನೆನಪಿಡಬೇಕು. ಕರಾವಳಿಯ ಮನೆ ಜಗಲಿಗಳಲ್ಲಿ ಹಣದ ಮಾತೇ ಇಲ್ಲದೆ ಆಡುವ ‘ಇಪ್ಪತ್ತೆಂಟು’ ಕೂಡ ಇಂತಹ ನೆನಪಿನ ಆಟವೇ. ಇಸ್ಪೀಟೆಂದರೆ ಜೂಜು ಎಂದೇ ಅರ್ಥವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿ ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನೇ ರೂಪಿಸಿದ್ದರು. ಎಲೆಯಾಟ ಬುದ್ಧಿಯ ವಿನೋದವೂ ಹೌದು ಎಂಬ ತಿಳಿವು ಈ ನಾಡಿಗೆ ಹೊಸದಲ್ಲ.

ಪೋಕರ್‌ನ ಬಗೆಗಳು

ಪೋಕರ್ ಎಂಬುದು ಒಂದು ಆಟದ ಹೆಸರಲ್ಲ, ಒಂದು ಕುಟುಂಬದ ಹೆಸರು. ಕುಟುಂಬದ ಎಲ್ಲ ಆಟಗಳಿಗೂ ಸಮಾನವಾದುದು ಐದು ಎಲೆಗಳ ಮೌಲ್ಯ ಶ್ರೇಣಿ. ಒಂದೇ ಬಣ್ಣದ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಸೇರಿದರೆ ರಾಯಲ್ ಫ್ಲಶ್. ಅದರ ಕೆಳಗೆ ಕ್ರಮವಾಗಿ ಒಂದೇ ಬಣ್ಣದ ಸಾಲು, ಒಂದೇ ಅಂಕಿಯ ನಾಲ್ಕು, ಮೂರರ ಜತೆ ಜೋಡಿ ಸೇರಿದ ಫುಲ್ ಹೌಸ್, ಬಣ್ಣ, ಸಾಲು, ಒಂದೇ ಅಂಕಿಯ ಮೂರು, ಎರಡು ಜೋಡಿ, ಒಂದು ಜೋಡಿ, ಕೊನೆಗೆ ಒಂಟಿ ದೊಡ್ಡ ಎಲೆ. ಐದು ಎಲೆಗಳ ಜೋಡಣೆಗಳು ಒಟ್ಟು 25,98,960. ಅವುಗಳಲ್ಲಿ ರಾಯಲ್ ಫ್ಲಶ್ ಕೇವಲ ನಾಲ್ಕು. ಜೋಡಿಯೂ ಇಲ್ಲದ ಬರಿಗೈ ಅರ್ಧಕ್ಕಿಂತ ತುಸು ಹೆಚ್ಚು, 13,02,540.

ಮೂರೆಲೆ ಆಡಿ ರೂಢಿಯಾದವರು ಪೋಕರ್ ಮೇಜಿಗೆ ಬಂದಾಗ ಎಡವುವುದು ಇಲ್ಲಿಯೇ. ಮೂರೆಲೆಯಲ್ಲಿ ಸಾಲು ಬಣ್ಣವನ್ನು ಸೋಲಿಸುತ್ತದೆ, ಪೋಕರ್‌ನಲ್ಲಿ ಬಣ್ಣ ಸಾಲನ್ನು ಸೋಲಿಸುತ್ತದೆ. ಕಾರಣ ಸರಳ: ಮೂರು ಎಲೆಗಳಲ್ಲಿ ಸಾಲು 720 ಬಗೆ, ಬಣ್ಣ 1,096 ಬಗೆ. ಐದು ಎಲೆಗಳಲ್ಲಿ ಸಾಲು 10,200 ಬಗೆ, ಬಣ್ಣ 5,108 ಬಗೆ. ಯಾವುದು ವಿರಳವೋ ಅದಕ್ಕೆ ಬೆಲೆ ಹೆಚ್ಚು.

ಕುಟುಂಬದ ಹಿರಿಯ ಸದಸ್ಯ ‘ಫೈವ್ ಕಾರ್ಡ್ ಡ್ರಾ’. ಐದು ಎಲೆಗಳು ಮುಚ್ಚಿಯೇ ಬರುತ್ತವೆ. ಒಂದು ಸುತ್ತು ಪಣದ ಬಳಿಕ ಬೇಡವಾದ ಎಲೆಗಳನ್ನು ಕೊಟ್ಟು ಹೊಸತು ಪಡೆಯಬಹುದು. ಮತ್ತೊಂದು ಸುತ್ತು ಪಣ ಮುಗಿದ ಮೇಲೆ ಎಲೆ ತೋರಿಸಬೇಕು. ಎದುರಾಳಿ ಎಷ್ಟು ಎಲೆ ಬದಲಾಯಿಸಿದ ಎಂಬುದೊಂದೇ ಸುಳಿವು. ಮೂರು ಬದಲಾಯಿಸಿದವನ ಬಳಿ ಜೋಡಿಯಿದೆ, ಒಂದನ್ನು ಬದಲಾಯಿಸಿದವನು ಬಣ್ಣಕ್ಕೋ ಸಾಲಿಗೋ ಕಾದಿದ್ದಾನೆ ಎಂದು ಊಹಿಸಬೇಕು.

‘ಸೆವೆನ್ ಕಾರ್ಡ್ ಸ್ಟಡ್’ನಲ್ಲಿ ಸುಳಿವುಗಳು ಹೆಚ್ಚು. ಏಳು ಎಲೆಗಳಲ್ಲಿ ಮೊದಲ ಎರಡು ಮತ್ತು ಕೊನೆಯದು ಮುಚ್ಚಿರುತ್ತವೆ, ನಡುವಿನ ನಾಲ್ಕು ಎಲ್ಲರಿಗೂ ಕಾಣುತ್ತವೆ. ಇತರರ ಮುಂದೆ ಬಿದ್ದ ಎಲೆಗಳನ್ನು ನೆನಪಿಟ್ಟವನಿಗೆ ತನಗೆ ಬೇಕಾದ ಎಲೆ ಕಟ್ಟಿನಲ್ಲಿ ಇನ್ನೂ ಉಳಿದಿದೆಯೇ ಎಂಬುದು ತಿಳಿಯುತ್ತದೆ.

ಇಂದು ಜಗತ್ತಿನಾದ್ಯಂತ ಪೋಕರ್ ಎಂದರೆ ‘ಟೆಕ್ಸಾಸ್ ಹೋಲ್ಡೆಮ್’ ಎಂದೇ ರೂಢಿಯಾಗಿದೆ. ಆಟಗಾರನ ಕೈಯಲ್ಲಿ ಎರಡೇ ಎಲೆ. ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆಗಳು ಮೊದಲು ಮೂರು, ಬಳಿಕ ಒಂದು, ಕೊನೆಗೆ ಮತ್ತೊಂದು ಎಂಬಂತೆ ಬಯಲಾಗುತ್ತವೆ. ಈ ಏಳರಲ್ಲಿ ಉತ್ತಮವಾದ ಐದನ್ನು ಆರಿಸಿಕೊಳ್ಳಬೇಕು. ಕೈಯೆಲೆ ಬಂದಾಗ ಒಂದು, ಮೇಜಿನ ಎಲೆ ಬಯಲಾದಂತೆ ಮೂರು, ಹೀಗೆ ನಾಲ್ಕು ಸುತ್ತು ಪಣ ನಡೆಯುತ್ತದೆ. ಪ್ರತಿ ಸುತ್ತಿನಲ್ಲಿಯೂ ಮುಂದುವರಿಯುವುದೋ, ಏರಿಸುವುದೋ, ಎಲೆ ಬಿಸುಟು ಹಿಂದೆ ಸರಿಯುವುದೋ ಎಂಬ ತೀರ್ಮಾನ ಮಾಡಬೇಕು. ಎಲ್ಲರೂ ಹಿಂದೆ ಸರಿದರೆ ಉಳಿದವನು ಎಲೆ ತೋರಿಸದೆಯೇ ಗೆಲ್ಲುತ್ತಾನೆ. ಅತಿ ಕೆಟ್ಟ ಎಲೆ ಹಿಡಿದವನೂ ಗೆಲ್ಲಬಹುದಾದುದರಿಂದ ಇದು ಅಂದರ್-ಬಾಹರ್‌ಗಿಂತ ಮೂಲಭೂತವಾಗಿ ಭಿನ್ನ.

‘ಒಮಾಹಾ’ದಲ್ಲಿ ಕೈಗೆ ನಾಲ್ಕು ಎಲೆ. ಆದರೆ ಕೈಯಿಂದ ಎರಡನ್ನೇ, ಮೇಜಿನಿಂದ ಮೂರನ್ನೇ ಬಳಸಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಕೈಯಲ್ಲಿ ನಾಲ್ಕು ಇಸ್ಪೀಟು ಇದ್ದು ಮೇಜಿನ ಮೇಲೆ ಒಂದೇ ಇಸ್ಪೀಟು ಬಿದ್ದರೆ ಬಣ್ಣವಾಗದು. ಹೊಸಬರು ಹಣ ಕಳೆದುಕೊಳ್ಳುವುದು ಈ ನಿಯಮ ಮರೆತೇ. ಎಲೆ ಹೆಚ್ಚಾದಷ್ಟೂ ಎಲ್ಲರ ಕೈಯಲ್ಲಿಯೂ ಆಸೆ ಹುಟ್ಟುತ್ತದೆ, ಪಣ ಬೇಗ ಬೆಳೆಯುತ್ತದೆ.

ಎಲೆಗಳ ನಿಯಮಕ್ಕಿಂತ ಪಣದ ನಿಯಮ ಇನ್ನೂ ಮುಖ್ಯ. ನಿಗದಿತ ಮೊತ್ತದಷ್ಟೇ ಏರಿಸಬಹುದಾದ ಆಟ ಒಂದು. ಅದುವರೆಗೆ ಮೇಜಿನ ಮಧ್ಯೆ ಸೇರಿದ ಮೊತ್ತದವರೆಗೆ ಏರಿಸಬಹುದಾದುದು ಇನ್ನೊಂದು. ಮುಂದಿರುವ ಹಣವೆಲ್ಲವನ್ನೂ ಒಮ್ಮೆಗೇ ತಳ್ಳಬಹುದಾದ ‘ನೋ ಲಿಮಿಟ್’ ಮತ್ತೊಂದು. ಪಂದ್ಯಾವಳಿಯಲ್ಲಿ ಪ್ರವೇಶ ಶುಲ್ಕ ಕೊಟ್ಟು ಬಿಲ್ಲೆ ಪಡೆದವನು, ಮತ್ತೆ ಶುಲ್ಕ ತೆತ್ತು ಒಳಬರುವ ಅವಕಾಶವಿಲ್ಲದಿದ್ದರೆ, ಕಳೆದುಕೊಳ್ಳುವುದು ಆ ಶುಲ್ಕವನ್ನು ಮಾತ್ರ. ನಗದು ಮೇಜಿನಲ್ಲಿ ಜೇಬು ಬರಿದಾದವನು ಮತ್ತೆ ಹಣ ತಂದು ಕೂರಬಹುದು. ಮನೆಗಳು ಮುಳುಗುವುದು ಬಹುತೇಕ ಈ ಎರಡನೆಯ ಬಗೆಯಲ್ಲಿ. ಆಟದ ಹೆಸರು ಎರಡೂ ಕಡೆ ಹೋಲ್ಡೆಮ್ ಎಂದೇ ಇರುತ್ತದೆ.

ಕೌಶಲಕ್ಕೆ ಎಷ್ಟು ರಾತ್ರಿ ಬೇಕು?

ಪೋಕರ್‌ನಲ್ಲಿ ಕೌಶಲವಿದೆಯೇ ಎಂಬ ಪ್ರಶ್ನೆಗೆ ವಿಜ್ಞಾನ ಉತ್ತರ ನೀಡಿದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಇಬ್ಬರು ಆಡುವ, ಪಣಕ್ಕೆ ಮಿತಿಯಿರುವ ಹೋಲ್ಡೆಮ್ ಆಟವನ್ನು ಕಂಪ್ಯೂಟರ್ ಹೆಚ್ಚುಕಡಿಮೆ ಪೂರ್ಣವಾಗಿ ಬಿಡಿಸಿದೆ ಎಂದು ಪ್ರಕಟಿಸಿದರು. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರೇಟಸ್ ಎಂಬ ತಂತ್ರಾಂಶ ಪಣಕ್ಕೆ ಮಿತಿಯಿಲ್ಲದ ಹೋಲ್ಡೆಮ್‌ನಲ್ಲಿ ನಾಲ್ವರು ನುರಿತ ಆಟಗಾರರನ್ನು ಸೋಲಿಸಿತು. ಬರಿಯ ಅದೃಷ್ಟದ ಆಟವಾಗಿದ್ದರೆ ಉತ್ತಮ ತಂತ್ರವೆಂಬುದೇ ಇರುತ್ತಿರಲಿಲ್ಲ, ಯಂತ್ರಕ್ಕೆ ಕಲಿಯಲು ಏನೂ ಉಳಿಯುತ್ತಿರಲಿಲ್ಲ.

ಆದರೆ ಅದೇ ಪ್ರಯೋಗ ಮತ್ತೊಂದು ಸತ್ಯವನ್ನೂ ಹೇಳುತ್ತದೆ, ಅದನ್ನು ಉದ್ಯಮದವರು ಅಷ್ಟಾಗಿ ಹೇಳುವುದಿಲ್ಲ. ಅದೃಷ್ಟದ ಏರಿಳಿತವನ್ನು ಸೋಸಿ ಕೌಶಲವನ್ನು ಕಾಣಲು ಲಿಬ್ರೇಟಸ್‌ನ ತಂಡ ಆಡಿಸಿದ್ದು 1,20,000 ಹಂಚಿಕೆಗಳನ್ನು. ಮೇಜಿನ ಮೇಲೆ ಗಂಟೆಗೆ ಸುಮಾರು 30 ಹಂಚಿಕೆ ಎಂದಿಟ್ಟುಕೊಂಡರೆ ಅದು 4,000 ಗಂಟೆಯ ಆಟ. ದಿನಕ್ಕೆ ಐದು ಗಂಟೆ ಕೂತರೂ 800 ಸಂಜೆಗಳು ಬೇಕು. ಸಂಬಳದ ದಿನ ಗೆಳೆಯರೊಡನೆ ಮೇಜಿಗೆ ಬರುವವನಿಗೆ ಇರುವುದು ಒಂದು ಸಂಜೆ. ಹೋಲ್ಡೆಮ್‌ನಲ್ಲಿ ಅತ್ಯುತ್ತಮವಾದ ಎಕ್ಕದ ಜೋಡಿ ಬರುವುದು 221 ಸಲಕ್ಕೆ ಒಮ್ಮೆ. ಬಂದರೂ, ರಾಜನ ಜೋಡಿ ಹಿಡಿದವನೆದುರು ಕೊನೆಯವರೆಗೆ ಆಡಿದರೆ ನೂರರಲ್ಲಿ ಸುಮಾರು 18 ಸಲ ಅದು ಸೋಲುತ್ತದೆ. ಆತ ಸರಿಯಾಗಿಯೇ ಆಡಿ ತಿಂಗಳ ಸಂಬಳ ಕಳೆದುಕೊಳ್ಳಬಹುದು.

ದೀರ್ಘಕಾಲದಲ್ಲಿ ಕೌಶಲ, ಅಲ್ಪಕಾಲದಲ್ಲಿ ಅದೃಷ್ಟ: ಇದು ಪೋಕರ್‌ನ ಸ್ವರೂಪ. ನ್ಯಾಯಾಲಯ ನೋಡುವುದು ಮೊದಲನೆಯದನ್ನು. ಮನೆಯ ಯಜಮಾನಿ ನೋಡುವುದು ಎರಡನೆಯದನ್ನು.

ನ್ಯಾಯಾಲಯಗಳ ದಾರಿ

ಜೂಜು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ. ಕರ್ನಾಟಕದಲ್ಲಿ ಇದಕ್ಕೆ ಅನ್ವಯವಾಗುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದರ 79 ಮತ್ತು 80ನೇ ಸೆಕ್ಷನ್‌ಗಳು ಜೂಜಿನ ಅಡ್ಡೆ ನಡೆಸುವವರಿಗೂ ಅಲ್ಲಿ ಆಡುವವರಿಗೂ, 87ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಆಡುವವರಿಗೂ ಶಿಕ್ಷೆ ವಿಧಿಸುತ್ತವೆ. ಅಪ್ಪಟ ಕೌಶಲದ ಆಟಕ್ಕೆ 79 ಮತ್ತು 80 ಅನ್ವಯಿಸವು ಎಂದು 176ನೇ ಸೆಕ್ಷನ್ ವಿನಾಯಿತಿ ನೀಡುತ್ತದೆ. ಕ್ಲಬ್ಬುಗಳ ಅಸ್ತಿತ್ವವೆಲ್ಲ ನಿಂತಿರುವುದು ಈ ಒಂದು ಸೆಕ್ಷನ್‌ನ ಮೇಲೆ.

ಯಾವುದು ಕೌಶಲ ಎಂಬುದಕ್ಕೆ ಇಂದಿಗೂ ಆಧಾರವಾಗಿರುವುದು 1968ರಲ್ಲಿ ಸುಪ್ರೀಂ ಕೋರ್ಟ್ ಸಿಕಂದರಾಬಾದಿನ ಕ್ಲಬ್ ಒಂದರ ಪ್ರಕರಣದಲ್ಲಿ ನೀಡಿದ ತೀರ್ಪು. ಎಲೆ ಬೀಳುವುದನ್ನು ನೆನಪಿಡಬೇಕಾದುದರಿಂದ, ಹಿಡಿಯುವುದಕ್ಕೂ ಬಿಸುಡುವುದಕ್ಕೂ ಚಾತುರ್ಯ ಬೇಕಾದುದರಿಂದ ರಮ್ಮಿ ಪ್ರಧಾನವಾಗಿ ಕೌಶಲದ ಆಟ. ಮೂರೆಲೆಯ ಆಟಗಳು ಶುದ್ಧ ಅದೃಷ್ಟದವು ಎಂದು ಅದು ವಿಂಗಡಿಸಿತು. ಇದೇ ತೀರ್ಪಿನಲ್ಲಿ ಮತ್ತೊಂದು ಎಚ್ಚರಿಕೆಯಿದೆ. ಕ್ಲಬ್ಬಿನ ಮಾಲೀಕನು ಪಣದ ಆಟದಿಂದ ಲಾಭ ಪಡೆಯುತ್ತಿರುವುದಕ್ಕೆ ಸಾಕ್ಷ್ಯವಿದ್ದರೆ, ಆಟ ರಮ್ಮಿಯಾಗಿದ್ದರೂ ಅಪರಾಧ ಸಾಬೀತಾಗಬಹುದು ಎಂದು ಕೋರ್ಟ್ ಹೇಳಿದೆ. ಕ್ಲಬ್ಬುಗಳ ಪರ ವಾದದಲ್ಲಿ ತೀರ್ಪಿನ ಮೊದಲ ಭಾಗ ಕೇಳಿಸುವಷ್ಟು ಗಟ್ಟಿಯಾಗಿ ಎರಡನೆಯ ಭಾಗ ಕೇಳಿಸದು.

ಪೋಕರ್ ಕುರಿತ 2013ರ ಕರ್ನಾಟಕ ಹೈಕೋರ್ಟ್ ಆದೇಶವೂ ಹೋಲ್ಡೆಮ್, ಒಮಾಹಾ, ಡ್ರಾ ಎಂದು ಒಂದೊಂದು ಬಗೆಯನ್ನೂ ಪರೀಕ್ಷಿಸಿ ನೀಡಿದ ಅರ್ಹತಾಪತ್ರವಲ್ಲ. ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ. ಜೂಜು ನಡೆಯುತ್ತಿರುವುದು ಕಂಡರೆ ಪೊಲೀಸರು ಕ್ರಮ ಕೈಗೊಳ್ಳಬಹುದು ಎಂಬುದು ಅದರ ಸಾರ. ‘ಕೌಶಲವಾಗಿ ಆಡಿದರೆ’ ಎಂಬ ಷರತ್ತನ್ನು ಮೇಜಿನ ಬಳಿ ನಿಂತು ನಿರ್ಧರಿಸುವವರು ಯಾರು? ಠಾಣೆಯ ಸಬ್ ಇನ್‌ಸ್ಪೆಕ್ಟರ್. ಆ ಅಧಿಕಾರಿಗೆ ಒಮಾಹಾಕ್ಕೂ ಮೂರೆಲೆಗೂ ಇರುವ ವ್ಯತ್ಯಾಸವನ್ನು ಕಾಯ್ದೆ ಎಲ್ಲಿಯೂ ವಿವರಿಸಿಲ್ಲ.

ಬೇರೆ ರಾಜ್ಯಗಳಲ್ಲಿ ಉತ್ತರ ಬೇರೆಯಾಗಿದೆ. ಪಶ್ಚಿಮ ಬಂಗಾಳದ 1957ರ ಕಾಯ್ದೆ ಬ್ರಿಡ್ಜ್, ರಮ್ಮಿಗಳ ಜತೆ ಪೋಕರ್ ಹೆಸರನ್ನೂ ಬರೆದು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ಜೂಜೇ ಎಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲದ ಆಟಗಳ ಮೇಲಿನ ಪಣವನ್ನೂ ಆನ್‌ಲೈನ್ ಆಟಗಳನ್ನೂ ನಿಷೇಧದ ವ್ಯಾಪ್ತಿಗೆ ಸೇರಿಸಿತು. ಕುದುರೆ ಜೂಜನ್ನು ಮಾತ್ರ ಮುಟ್ಟಲಿಲ್ಲ. 2022ರ ಫೆಬ್ರುವರಿ 14ರಂದು ಹೈಕೋರ್ಟಿನ ವಿಭಾಗೀಯ ಪೀಠ ಆ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು.

ಗಡಿಯಾಚೆಗಿನ ಆಮಿಷ

ಮಂಗಳೂರಿನ ಭೌಗೋಳಿಕ ಸ್ಥಾನ ಈ ಅಸಂಗತಿಯನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ದಕ್ಷಿಣಕ್ಕೆ ಅರ್ಧ ಗಂಟೆ ಸಾಗಿ ತಲಪಾಡಿ ದಾಟಿದರೆ ಕೇರಳ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು. ಅತ್ತ 1967ರಿಂದ ಸರ್ಕಾರವೇ ನಡೆಸುತ್ತಿರುವ ಲಾಟರಿಯ ಟಿಕೆಟುಗಳು ಗಡಿಯ ಅಂಗಡಿಗಳಲ್ಲಿ ತೂಗಾಡುತ್ತವೆ. ಅಂದರ್-ಬಾಹರ್‌ನಲ್ಲಿ ಗೆಲ್ಲುವ ಸಂಭವ ಅರ್ಧದಷ್ಟಾದರೂ ಇದೆ, ಲಾಟರಿಯ ಮೊದಲ ಬಹುಮಾನಕ್ಕೆ ಆ ಮಾತು ಸಲ್ಲದು. ಆದರೂ ಮೊದಲನೆಯದು ಅಪರಾಧ, ಎರಡನೆಯದು ನೆರೆರಾಜ್ಯದ ಬೊಕ್ಕಸಕ್ಕೆ ಆದಾಯ.

ಉತ್ತರಕ್ಕೆ ಕೊಂಕಣ ರೈಲು ಹಿಡಿದರೆ ಒಂದು ಹಗಲೊಳಗೆ ಗೋವಾ. 1976ರ ಅಲ್ಲಿನ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಂದ ತಿದ್ದುಪಡಿಗಳಿಂದ ಮಾಂಡೋವಿ ನದಿಯ ಹಡಗುಗಳಲ್ಲಿ ಕ್ಯಾಸಿನೊ ನಡೆಯುತ್ತದೆ. ಅಲ್ಲಿ ಪೋಕರ್ ಕೌಶಲವೋ ಅದೃಷ್ಟವೋ ಎಂದು ಯಾರೂ ಕೇಳುವುದಿಲ್ಲ, ಪ್ರವೇಶ ಶುಲ್ಕ ಕೇಳುತ್ತಾರೆ. ಗೋವಾ ಸರ್ಕಾರ 2020ರ ಫೆಬ್ರುವರಿಯಿಂದ ತನ್ನದೇ ನಾಗರಿಕರಿಗೆ ಕ್ಯಾಸಿನೊ ಪ್ರವೇಶ ನಿಷೇಧಿಸಿತು. ತನ್ನ ಮಕ್ಕಳಿಗೆ ಬೇಡವಾದುದನ್ನು ನೆರೆಯವರ ಮಕ್ಕಳಿಗೆ ಬಡಿಸುವ ಈ ನೀತಿಯಲ್ಲಿ ಜೂಜಿನ ಹಾನಿಯ ಕುರಿತ ಸರ್ಕಾರದ ಒಪ್ಪಿಗೆಯೂ ಅಡಗಿದೆ.

2025ರ ಕಾಯ್ದೆ ಬಿಟ್ಟ ಪ್ರಶ್ನೆ

ಮೊಬೈಲ್ ಬಂದ ಮೇಲೆ ತಲಪಾಡಿಗೂ ಪಣಜಿಗೂ ಹೋಗುವ ಅಗತ್ಯವೇ ಉಳಿಯಲಿಲ್ಲ. ವಿದ್ಯಾರ್ಥಿಗಳೇ ತುಂಬಿರುವ ಮಂಗಳೂರಿನಂತಹ ನಗರದ ಹಾಸ್ಟೆಲ್ ಕೊಠಡಿಗೂ ಮೇಜು ತಲುಪಿತು. ಪರದೆಯ ಮೇಲೆ ಎಲೆ ಕಲಸಲು ಸಮಯ ಬೇಕಿಲ್ಲ, ಒಬ್ಬನೇ ಏಕಕಾಲಕ್ಕೆ ನಾಲ್ಕು ಮೇಜುಗಳಲ್ಲಿ ಆಡಬಹುದು, ಯುಪಿಐ ಮೂಲಕ ನಡುರಾತ್ರಿಯಲ್ಲಿಯೂ ಹಣ ತುಂಬಬಹುದು. ಒಂದು ಸಂಜೆಯ ನಷ್ಟ ಅರ್ಧ ಗಂಟೆಗೆ ಇಳಿಯಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನಗಳಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಕೌಶಲ-ಅದೃಷ್ಟದ ಗೆರೆಯನ್ನೇ ಅಳಿಸಿತು. ಹಣವಿಟ್ಟು ಹಣ ಗೆಲ್ಲುವ ಆಸೆಯಿದ್ದರೆ ಸಾಕು, ಆಟ ಯಾವುದೇ ಇರಲಿ, ನಿಷಿದ್ಧ. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂ.ವರೆಗೆ ದಂಡ. ಜಾಹೀರಾತು ನೀಡುವವರಿಗೆ ಎರಡು ವರ್ಷದವರೆಗೆ ಸೆರೆ, 50 ಲಕ್ಷ ರೂ.ವರೆಗೆ ದಂಡ. ಆಡುವವನನ್ನು ಮಾತ್ರ ಕಾಯ್ದೆ ಶಿಕ್ಷಿಸುವುದಿಲ್ಲ. ಆತನನ್ನು ಸಂತ್ರಸ್ತನೆಂದೇ ಪರಿಗಣಿಸುತ್ತದೆ. ಪ್ರಮುಖ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಕರ್ನಾಟಕ ಹೈಕೋರ್ಟ್ ಸೇರಿದಂತೆ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಆನ್‌ಲೈನ್‌ನಲ್ಲಿ ಆಡಿ ಸೋತವನು ಸಂತ್ರಸ್ತ. ಗುಡ್ಡದ ಮರೆಯಲ್ಲಿ ಉಲಾಯಿ-ಪಿದಾಯಿ ಆಡಿ ಸೋತವನು ಆರೋಪಿ. ಕ್ಲಬ್ಬಿನಲ್ಲಿ ಹೋಲ್ಡೆಮ್ ಆಡಿ ಸೋತವನು ಗೌರವಾನ್ವಿತ ಸದಸ್ಯ. ಮೂವರ ಮನೆಯಲ್ಲಿಯೂ ಆ ತಿಂಗಳ ಅಕ್ಕಿಗೆ ಸಾಲ ಮಾಡಬೇಕಾಗಬಹುದು. ಕಾನೂನಿನ ಕಣ್ಣಿಗೆ ಮಾತ್ರ ಮೂವರೂ ಬೇರೆ ಬೇರೆ.

ಮೇಜಿನ ಪಾಲು

ಹಾಗಾದರೆ ಗೆರೆ ಎಳೆಯಬೇಕಾದುದು ಎಲ್ಲಿ? ಆಟದ ಹೆಸರಿಗಿಂತ ಹೆಚ್ಚು ಸತ್ಯ ಹೇಳುವುದು ಮೇಜಿನ ಲೆಕ್ಕ. ಎಂಟು ಮಂದಿ ತಲಾ 2,000 ರೂ. ತಂದು ಕೂತರೆಂದು ಭಾವಿಸೋಣ; ಮೇಜಿನ ಮೇಲೆ 16,000 ರೂ. ಪ್ರತಿ ಹಂಚಿಕೆಯಲ್ಲಿ ಸರಾಸರಿ 500 ರೂ. ಸೇರಿ, ಅದರಿಂದ ಶೇ. 5ರಷ್ಟನ್ನು ಆಡಿಸುವವನು ತೆಗೆದುಕೊಂಡರೆ, ಗಂಟೆಗೆ 30 ಹಂಚಿಕೆಯಂತೆ 750 ರೂ. ಆತನ ಪಾಲು. ಐದು ಗಂಟೆಗೆ 3,750 ರೂ. ಎದ್ದು ಹೋಗುವಾಗ ಎಂಟು ಮಂದಿಯ ಬಳಿ ಒಟ್ಟು ಉಳಿದಿರುವುದು 12,250 ರೂ. ಎಷ್ಟೇ ಕೌಶಲವಿರಲಿ, ಇವರೆಲ್ಲ ಸೇರಿ ಹೆಚ್ಚುಕಡಿಮೆ ಕಾಲುಭಾಗ ಕಳೆದುಕೊಂಡಾಗಿದೆ. ಒಮ್ಮೆಯೂ ಸೋಲದೆ ಗೆದ್ದವನು ಎಲೆಯನ್ನೇ ಮುಟ್ಟದವನು.

1968ರ ತೀರ್ಪು ಬೊಟ್ಟು ಮಾಡಿದ್ದು ಈ ಲಾಭದ ಕಡೆಗೇ. ಫಲಕದಲ್ಲಿ ರಮ್ಮಿ, ಒಳಗೆ ಅಂದರ್-ಬಾಹರ್ ಎಂಬ ದೂರು ರಾಜ್ಯದ ಹಲವೆಡೆ ಕೇಳಿಬರುತ್ತಲೇ ಇದೆ. ದಾಳಿಯ ದಿನ ಮೇಜಿನ ಮೇಲೆ ಯಾವ ಆಟವಿತ್ತು ಎಂಬುದನ್ನು ಸಾಬೀತುಪಡಿಸುವುದು ಕಷ್ಟ. ಅಂದರ್-ಬಾಹರ್‌ನ ಎಲೆಗಳನ್ನು ಒಟ್ಟುಗೂಡಿಸಿ ಹದಿಮೂರರಂತೆ ಹಂಚಲು ಒಂದು ನಿಮಿಷ ಸಾಕು. ಕ್ಲಬ್ಬಿನ ಆದಾಯ ಸದಸ್ಯತ್ವ ಶುಲ್ಕದಿಂದ ಬಂದಿದೆಯೋ ಪ್ರತಿ ಆಟದ ಪಾಲಿನಿಂದ ಬಂದಿದೆಯೋ ಎಂಬುದನ್ನು ಲೆಕ್ಕಪುಸ್ತಕದಿಂದ ಪರಿಶೀಲಿಸುವುದು ಅದಕ್ಕಿಂತ ಸುಲಭ. ಲಾಠಿಯ ಬದಲು ಲೆಕ್ಕಪರಿಶೋಧಕನನ್ನು ಕಳುಹಿಸಬೇಕಾದ ಜಾಗವಿದು.

ರಾಜ್ಯದ ಕಾಯ್ದೆಯಲ್ಲಿ ಮಾಡಬೇಕಾದ ಕೆಲಸವೂ ಅಸಾಧ್ಯವಾದುದೇನಲ್ಲ. ಯಾವ ಬಗೆಯ ಆಟ ಕೌಶಲದ್ದು ಎಂಬುದನ್ನು ಹೆಸರಿನಿಂದಲ್ಲದೆ ಆಡುವ ಕ್ರಮದಿಂದ ವ್ಯಾಖ್ಯಾನಿಸಬಹುದು. ಪ್ರವೇಶ ಶುಲ್ಕಕ್ಕೆ ನಷ್ಟ ಸೀಮಿತವಾದ ಪಂದ್ಯಾವಳಿಗೂ ಮಿತಿಯಿಲ್ಲದ ನಗದು ಮೇಜಿಗೂ ಬೇರೆ ಬೇರೆ ನಿಯಮ ಮಾಡಬಹುದು. ಪ್ರತಿ ಆಟದಿಂದ ಪಾಲು ಎತ್ತುವುದನ್ನು ನೇರವಾಗಿ ನಿಷೇಧಿಸಬಹುದು. ಸಂಪೂರ್ಣ ನಿಷೇಧವೇ ಪರಿಹಾರವೆನ್ನುವವರು ಮಟ್ಕಾದ ಇತಿಹಾಸವನ್ನು ನೆನೆಯಬೇಕು. ದಶಕಗಳ ನಿಷೇಧದ ಬಳಿಕವೂ ಅದು ಚೀಟಿಯಿಂದ ಮೊಬೈಲಿಗೆ ಸ್ಥಳಾಂತರವಾಯಿತೇ ಹೊರತು ನಿಲ್ಲಲಿಲ್ಲ. ಎಲ್ಲವೂ ವೈಯಕ್ತಿಕ ಸ್ವಾತಂತ್ರ್ಯ ಎನ್ನುವವರು ಸಾಲಗಾರರು ಬಾಗಿಲು ತಟ್ಟುವ ಮನೆಗಳಿಗೆ ಒಮ್ಮೆ ಹೋಗಿ ಬರಬೇಕು.

ಚಟಕ್ಕೆ ಬಿದ್ದವರ ವಿಷಯದಲ್ಲಿ ಪೊಲೀಸ್ ಠಾಣೆಗಿಂತ ಆಸ್ಪತ್ರೆ ಹತ್ತಿರವಿರಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ತಂತ್ರಜ್ಞಾನದ ಅತಿಬಳಕೆಗೆ ಪ್ರತ್ಯೇಕ ಚಿಕಿತ್ಸಾ ವಿಭಾಗ ನಡೆಸುತ್ತಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ದಾಳಿಯ ಸುದ್ದಿಗೆ ಸಿಗುವ ನಾಲ್ಕು ಸಾಲಿನ ಪ್ರಚಾರ ಈ ಸಂಖ್ಯೆಗೂ ಸಿಕ್ಕರೆ ಒಳಿತು.

ಕರಾವಳಿಯ ಜನ ದ್ಯೂತದ ಪ್ರಸಂಗವನ್ನು ಯಕ್ಷಗಾನದ ರಂಗದಲ್ಲಿ ಎಷ್ಟೋ ರಾತ್ರಿ ಕಂಡವರು. ಶಕುನಿಗೆ ಕೌಶಲವಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಧರ್ಮರಾಯ ಸೋತದ್ದೂ ಆ ಕೌಶಲದಿಂದಲೇ. ಹಾಗೆಂದು ಅದು ಜೂಜಲ್ಲ ಎಂದು ಬೆಳಗಿನ ಜಾವದವರೆಗೆ ಆಟ ನೋಡಿ ಎದ್ದು ಹೋದ ಯಾವ ಪ್ರೇಕ್ಷಕನೂ ಇದುವರೆಗೆ ಹೇಳಿದ್ದಿಲ್ಲ. ಆಡುವವನಿಗೆ ಎಷ್ಟು ಬುದ್ಧಿ ಬೇಕು ಎಂಬುದನ್ನು ನ್ಯಾಯಾಲಯಗಳು ಐದು ದಶಕಗಳಿಂದ ಅಳೆಯುತ್ತಿವೆ. ಸೋತವನು ಏನನ್ನು ಪಣಕ್ಕಿಟ್ಟಿದ್ದ, ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನೂ ಅಳೆಯುವ ಕಾಲ ಬಂದಿದೆ.